ವಲಸೆ ಬಂದ ತಂದೆಯ ಬಾಯಿಚರಿತ್ರೆ

ಶರಶಯ್ಯೆಯ ಮೇಲೆ ಮಲಗಿದ್ದ ಭೀಷ್ಮನ ಬಳಿಗೆ ಹೋಗಿ ಧರ್ಮರಾಯನು ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ರಾಜಧರ್ಮವನ್ನು ಕೇಳಿದನು, ಆಪದ್ಧರ್ಮವನ್ನು ಕೇಳಿದನು, ಮೋಕ್ಷಧರ್ಮವನ್ನೂ ದಾನಫಲವನ್ನೂ ಕೇಳಿದನು. ಎರಡು ಮಹಾಪರ್ವಗಳು ಬಹುಮಟ್ಟಿಗೆ ಆ ಪ್ರಶ್ನೋತ್ತರಗಳಿಂದಲೇ ತುಂಬಿವೆ. ಆದರೆ ಅಂಥ ಪ್ರತಿಜ್ಞೆಯನ್ನು ಮಾಡಿದ ಮೇಲೆ ಅಷ್ಟು ದೀರ್ಘವಾದ ಆಯುಸ್ಸನ್ನು ಅಜ್ಜನು ಹೇಗೆ ಕಳೆದನು, ಮುಪ್ಪು ಬಂದಾಗ ಅವನಿಗೆ ಏನೆನಿಸಿತು ಎಂದು ಆ ಮೊಮ್ಮಗನು ವಿಚಾರಿಸಿದಂತೆ ಕಾಣುವುದಿಲ್ಲ. ಹಿರಿಯರಿಂದ ಉಪದೇಶವನ್ನು ಕೇಳುವುದು ನಮ್ಮಲ್ಲಿ ವಾಡಿಕೆ; ಅವರ ಬದುಕನ್ನೇ ಕೇಳುವುದು ಅಪರೂಪ. ಜನಮೇಜಯನಂತೂ ತನ್ನ ತಂದೆಯಾದ ಪರೀಕ್ಷಿತನು ಹೇಗೆ ಬಾಳಿದನು, ಹೇಗೆ ಮಡಿದನು ಎಂಬುದನ್ನು ಮಂತ್ರಿಗಳ ಬಾಯಿಂದ ಕೇಳಿ ತಿಳಿಯಬೇಕಾಯಿತು. ಹೇಳಬೇಕಾದವನು ಅಷ್ಟು ಹೊತ್ತಿಗೆ ಇರಲಿಲ್ಲ.

‘ಇತಿ ಹ ಆಸ’, ಹೀಗೆ ಇತ್ತಷ್ಟೆ, ಎಂದು ನಮ್ಮ ಪ್ರಾಚೀನರು ಇತಿಹಾಸ ಶಬ್ದವನ್ನು ಬಿಡಿಸಿದ್ದಾರೆ. ಹೇಳುವವನೊಬ್ಬನೂ ಕೇಳುವವನೊಬ್ಬನೂ ಇರಬೇಕೆಂಬುದು ಆ ಪದದಲ್ಲಿಯೇ ಅಡಗಿದೆ. ಪಾಶ್ಚಾತ್ಯರಲ್ಲಿ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಚರಿತ್ರೆಯೆಂದರೆ ದಫ್ತರ, ಸನ್ನದು, ಕಾಗದಪತ್ರ ಎಂಬ ಅಭಿಪ್ರಾಯವು ಬಲಿತು ಬಾಯಿಮಾತಿನ ಬೆಲೆ ಕುಗ್ಗಿತು. ಆ ಬೆಲೆಯು ಮತ್ತೆ ಏರಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಮುಖ್ಯವಾಗಿ ವಲಸೆಗಾರರ ದೇಶವಾದ ಅಮೆರಿಕದಲ್ಲಿ. ಅಲ್ಲಿ 1936ರಿಂದ 1938ರವರೆಗೆ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ಮುದುಕರನ್ನು ಹುಡುಕಿಕೊಂಡು ಹೋಗಿ, 2300ಕ್ಕೆ ಮಿಕ್ಕ ಹೇಳಿಕೆಗಳನ್ನು ಸರಕಾರದ ವೆಚ್ಚದಲ್ಲಿ ಬರೆಯಿಸಿದರು. 1948ರಲ್ಲಿ ಅಲನ್ ನೆವಿನ್ಸ್ ಎಂಬ ಚರಿತ್ರಕಾರನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಬಾಯಿಚರಿತ್ರೆಯ ಸಂಗ್ರಹಕ್ಕೆಂದೇ ಒಂದು ಶಾಖೆಯನ್ನು ತೆರೆದನು. ಮೊದಮೊದಲು ಅವನ ಗಮನವು ದೊಡ್ಡ ಮನುಷ್ಯರ ಮೇಲೆಯೇ ಇದ್ದಿತು. ಮಂತ್ರಿ, ನ್ಯಾಯಾಧೀಶ, ಸಾಹುಕಾರ ಇವರ ಮಾತನ್ನು ಕಾದಿಡುವುದು ಅವನ ಉದ್ದೇಶ. ದರ್ಜಿಯ ಮಾತೂ ಬೀದಿಯ ವ್ಯಾಪಾರಿಯ ಮಾತೂ ಚರಿತ್ರೆಯೇ ಎಂಬ ತಿಳಿವಳಿಕೆಯು ಹರಡಲು ಇನ್ನೂ ಇಪ್ಪತ್ತು ವರ್ಷಗಳು ಬೇಕಾದುವು.

ಇದರ ಜತೆಗೆ ವೈದ್ಯರ ಕಡೆಯಿಂದ ಬಂದ ಒಂದು ವಿಚಾರವನ್ನೂ ಇಲ್ಲಿ ಹೇಳಬೇಕು. ಮುದುಕರು ಹಳೆಯದನ್ನೇ ಮೆಲುಕು ಹಾಕುತ್ತ ಕುಳಿತರೆ ಅದು ಬುದ್ಧಿ ಮಂಕಾಗುತ್ತಿರುವ ಲಕ್ಷಣವೆಂದು ವೈದ್ಯರೂ ಮನೆಯವರೂ ಬಹುಕಾಲ ಎಣಿಸಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯನು ಒಂದು ಪ್ರಬಂಧವನ್ನು ಬರೆದು ಈ ಎಣಿಕೆಯನ್ನು ಅಲ್ಲಗಳೆದನು. ಮರಣವು ಸಮೀಪಿಸಿದೆಯೆಂದು ಅರಿತ ಮನುಷ್ಯನು ತನ್ನ ಬಾಳಿನ ಲೆಕ್ಕವನ್ನು ತಾನೇ ತೆಗೆದು ನೋಡುತ್ತಾನೆ. ತೀರದೆ ಉಳಿದ ಬಾಕಿಗಳು ಆಗ ಮೇಲಕ್ಕೆ ಬರುತ್ತವೆ. ಇದು ರೋಗವಲ್ಲ, ವಯಸ್ಸಿನ ಸಹಜವಾದ ಕೆಲಸ ಎಂಬುದು ಅವನ ಮತ. ಈ ಪರಿಶೀಲನೆಯು ಕೆಲವರಿಗೆ ಸಮಾಧಾನವನ್ನೂ ಕೆಲವರಿಗೆ ಕಡುಸಂಕಟವನ್ನೂ ತರಬಹುದೆಂದು ಅವನು ಎಚ್ಚರಿಸಿದನು. ಅಜ್ಜನ ಹಳೆಯ ಕಥೆಯನ್ನು ನೂರನೆಯ ಸಲ ಕೇಳಿ ಆಕಳಿಸುವ ಮೊಮ್ಮಕ್ಕಳು ಇದನ್ನು ತಿಳಿದಿದ್ದರೆ ಒಳ್ಳೆಯದು.

ಇನ್ನು ಪ್ರಕೃತಕ್ಕೆ ಬರಬಹುದು. ವ್ಲಾಡೆಕ್ ಸ್ಪೀಗೆಲ್ಮನ್ ಎಂಬಾತನು 1906ರಲ್ಲಿ, ಇಂದಿನ ಪೋಲೆಂಡಿಗೆ ಸೇರಿದ ಚೆನ್ಸ್ತೊಹೋವ ಎಂಬ ಊರಿನಲ್ಲಿ, ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದನು. ಬಟ್ಟೆಯ ವ್ಯಾಪಾರ ಅವನ ಕಸುಬು. 1937ರಲ್ಲಿ ಸೊಸ್ನೊವಿಯೆಟ್ಸ್ ಪಟ್ಟಣದ ಸಿರಿವಂತರ ಮಗಳಾದ ಆನ್ಯಾ ಎಂಬವಳನ್ನು ಮದುವೆಯಾಗಿ, ಮಾವನ ನೆರವಿನಿಂದ ಒಂದು ಕಾರಖಾನೆಯನ್ನು ನಡೆಯಿಸಿದನು. ರಿಶ್ಯೂ ಎಂಬ ಗಂಡುಮಗು ಹುಟ್ಟಿತು. 1939ರಲ್ಲಿ ಯುದ್ಧವು ಬಂದಾಗ ಪೋಲೆಂಡಿನ ಸೈನ್ಯದಲ್ಲಿದ್ದು ಜರ್ಮನರ ಕೈಗೆ ಸೆರೆಸಿಕ್ಕಿ, ಬಿಡುಗಡೆ ಹೊಂದಿ ಊರಿಗೆ ಬಂದನು. ಊರಿಗೆ ಬಂದನೆಂಬುದಷ್ಟೇ ಹೊರತು ನೆಮ್ಮದಿಗೆ ಬರಲಿಲ್ಲ. ಕಾರಖಾನೆ ಹೋಯಿತು, ಮನೆ ಹೋಯಿತು, ಯೆಹೂದ್ಯರನ್ನೆಲ್ಲ ಒಂದೊಂದು ಕೇರಿಯಲ್ಲಿ ಕೂಡಿಹಾಕಿ ತಂಡತಂಡವಾಗಿ ಕೊಲೆಯ ಶಿಬಿರಗಳಿಗೆ ಸಾಗಿಸತೊಡಗಿದರು. ಮಗುವಾದರೂ ಉಳಿಯಲೆಂದು 1943ರಲ್ಲಿ ರಿಶ್ಯೂವನ್ನು ಆನ್ಯಾಳ ಅಕ್ಕನ ಜತೆಗೆ ಬೇರೆ ಊರಿಗೆ ಕಳುಹಿಸಿದರು. ಆ ಊರನ್ನೂ ಜರ್ಮನರು ಬರಿದುಮಾಡಲು ಬಂದಾಗ, ಶಿಬಿರಕ್ಕೆ ಒಪ್ಪಿಸಲಾರದೆ, ಆಕೆ ಮಕ್ಕಳಿಗೆ ವಿಷವನ್ನು ಕೊಟ್ಟು ತಾನೂ ಕುಡಿದಳು. ಗಂಡಹೆಂಡಿರು ನೆಲಮಾಳಿಗೆಯಲ್ಲಿ, ಕೊಟ್ಟಿಗೆಯಲ್ಲಿ ಅಡಗಿದ್ದು, ಹಂಗೆರಿಗೆ ಓಡಿಹೋಗಲು ಹವಣಿಸಿ, ದಾರಿ ತೋರುತ್ತೇವೆಂದವರಿಂದಲೇ ಮೋಸಹೋಗಿ, 1944ರಲ್ಲಿ ಆಷ್‌ವಿಟ್ಸ್ ಶಿಬಿರವನ್ನು ಸೇರಿದರು.

ಅಲ್ಲಿ ವ್ಲಾಡೆಕನ ಕೈಯ ಮೇಲೆ 175113 ಎಂಬ ಅಂಕೆಯನ್ನು ಹಚ್ಚೆಹೊಯ್ದರು. ಅಳುತ್ತ ಕುಳಿತಿದ್ದ ಅವನ ಬಳಿಗೆ ಪಾದ್ರಿಯಂತಿದ್ದ ಸೆರೆಯಾಳೊಬ್ಬನು ಬಂದು ಆ ಅಂಕೆಯನ್ನು ನೋಡಿದನು. ಹೀಬ್ರೂ ಭಾಷೆಯಲ್ಲಿ, ನಮ್ಮ ಕಟಪಯಾದಿಯಲ್ಲಿರುವಂತೆ, ಅಕ್ಷರಗಳಿಗೆ ಸಂಖ್ಯೆಯ ಬೆಲೆಯುಂಟು. ಮೊದಲಿನ 17 ಶುಭಸೂಚಕ. ಕಡೆಯ 13 ಯೆಹೂದ್ಯ ಬಾಲಕನಿಗೆ ಸಂಸ್ಕಾರವಾಗುವ ವಯಸ್ಸು. ಎಲ್ಲ ಅಂಕೆಗಳನ್ನೂ ಕೂಡಿದರೆ 18, ಅದು ‘ಜೀವ’ ಎಂಬ ಪದದ ಬೆಲೆ. ನೀನು ಬದುಕುತ್ತೀಯೆ ಎಂದು ಅವನು ಧೈರ್ಯ ಹೇಳಿದನು. ಆ ಮನುಷ್ಯನನ್ನು ವ್ಲಾಡೆಕನು ಮತ್ತೆ ಕಾಣಲಿಲ್ಲ. ಆದರೆ ಎದೆಗುಂದಿದಾಗಲೆಲ್ಲ ತನ್ನ ಕೈಯನ್ನು ನೋಡಿಕೊಂಡು ಸಮಾಧಾನ ಪಡುತ್ತಿದ್ದನು. ಇಂಥದೇ ಇನ್ನೊಂದು: ಯುದ್ಧದ ಸೆರೆಯಲ್ಲಿದ್ದಾಗ ತೀರಿಹೋದ ಅಜ್ಜನು ಕನಸಿನಲ್ಲಿ ಬಂದು, ತಮ್ಮ ಧರ್ಮಗ್ರಂಥದ ವಾರಪಾರಾಯಣದಲ್ಲಿ ಇಂಥ ಭಾಗ ಬರುವ ದಿನ ನೀನು ಬಿಡುಗಡೆಯಾಗುವೆ ಎಂದನಂತೆ, ಹಾಗೆಯೇ ಆಯಿತಂತೆ. ತನ್ನ ಮದುವೆಯೂ ಎರಡನೆಯ ಮಗನ ಹುಟ್ಟೂ ಆ ಪಾರಾಯಣದ ವಾರದಲ್ಲಿಯೇ ಆದುವೆಂದು ಅವನು ಮುದಿವಯಸ್ಸಿನಲ್ಲಿ ಎಣಿಸಿ ಹೇಳುತ್ತಿದ್ದನು. ದಫ್ತರದಲ್ಲಿ ಸಿಕ್ಕದ ಸಂಗತಿಗಳು ಇವು. ಆದರೆ ಮನುಷ್ಯನು ಯಾವ ಗಳುವನ್ನು ಹಿಡಿದು ಹೊಳೆ ದಾಟಿದನೆಂಬುದನ್ನು ಬಿಟ್ಟು ಹೊಳೆಯ ಅಗಲವನ್ನು ಮಾತ್ರ ಅಳೆದರೆ ಚರಿತ್ರೆಯು ಪೂರ್ಣವಾದೀತೆ?

ಶಿಬಿರದಲ್ಲಿ ಅವನನ್ನು ಉಳಿಸಿದ್ದು ಅದೃಷ್ಟದ ಜತೆಗೆ ಕೈಗಾರಿಕೆ ಮತ್ತು ಕೂಡಿಡುವ ಬುದ್ಧಿ. ಸೆರೆಯಾಳುಗಳ ಮೇಲಿನ ಮೇಸ್ತ್ರಿಯೊಬ್ಬನಿಗೆ ಇಂಗ್ಲಿಷನ್ನು ಕಲಿಸಿ ಅನ್ನವನ್ನೂ ಬಟ್ಟೆಯನ್ನೂ ಸಂಪಾದಿಸಿದನು. ತಗಡಿನ ಕೆಲಸ ಬಲ್ಲೆನೆಂದನು; ಜೋಡು ರಿಪೇರಿ ಬಲ್ಲೆನೆಂದನು. ತನಗೆ ಬಾರದ ಒಂದು ಹೊಲಿಗೆಯ ಕೆಲಸ ಬಂದಾಗ ನಿಜವಾದ ಮೋಚಿಗೆ ಒಂದು ದಿನದ ರೊಟ್ಟಿಯನ್ನು ಕೂಲಿಯಾಗಿ ಕೊಟ್ಟು, ಅವನು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತನು. ಆನ್ಯಾ ಸಮೀಪದ ಬಿರ್ಕೆನೌ ಶಿಬಿರದಲ್ಲಿದ್ದಳು. ಅವಳನ್ನು ತನ್ನ ಕಡೆಗೆ ವರ್ಗ ಮಾಡಿಸಲು ಲಂಚಕ್ಕೆಂದು ರೊಟ್ಟಿಯನ್ನೂ ಸಿಗರೇಟುಗಳನ್ನೂ ಹೊಟ್ಟೆ ಕಟ್ಟಿ ಕೂಡಿಟ್ಟನು. ಯಾರೋ ಆ ಪೆಟ್ಟಿಗೆಯನ್ನು ಕದ್ದರು. ಅವನು ಮೊದಲಿನಿಂದ ಮತ್ತೆ ಕೂಡಿಟ್ಟನು. 1945ರಲ್ಲಿ ಡಾಖಾವ್ ಶಿಬಿರದ ಸನ್ನಿಪಾತಜ್ವರವನ್ನೂ ದಾಟಿ ಹೊರಬಿದ್ದು, ಊರಿನಲ್ಲಿ ಹೆಂಡತಿಯನ್ನು ಕೂಡಿಕೊಂಡು, ಸ್ವೀಡನ್ ದೇಶವನ್ನು ಸೇರಿದನು. 1948ರಲ್ಲಿ ಅಲ್ಲಿಯ ಸ್ಟಾಕ್‌ಹೋಮ್ ನಗರದಲ್ಲಿ ಎರಡನೆಯ ಮಗನಾದ ಆರ್ಟ್ ಹುಟ್ಟಿದನು. 1951ರಲ್ಲಿ ಈ ಮೂವರ ಸಂಸಾರವು ಅಮೆರಿಕಕ್ಕೆ ವಲಸೆ ಬಂದು, ಮುಂದೆ ನ್ಯೂಯಾರ್ಕಿನ ರೀಗೋ ಪಾರ್ಕ್ ಎಂಬ ಬಡಾವಣೆಯಲ್ಲಿ ನಿಂತಿತು.

ಆನ್ಯಾಳ ಮನಸ್ಸು ಮಾತ್ರ ಚೇತರಿಸಿಕೊಳ್ಳಲಿಲ್ಲ. 1968ರಲ್ಲಿ ಆಕೆ ಒಂದು ಸಾಲನ್ನೂ ಬರೆದಿಡದೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಮಗನಿಗೆ ಆಗ 20 ವರ್ಷ. ತಂದೆಗೂ ಮಗನಿಗೂ ಮೊದಲೇ ಅಷ್ಟಕ್ಕಷ್ಟೆ. ಈಗ ಅವರ ನಡುವಿನ ಸೇತುವೆಯೇ ಮುರಿದಂತಾಯಿತು. ಚಿತ್ರಕಥೆಗಳನ್ನು ಬರೆಯುವುದು ಮಗನ ವೃತ್ತಿ. 1972ರಲ್ಲಿ ಅವನು ತಂದೆಯ ಅನುಭವವನ್ನು ಆಧರಿಸಿ ಮೂರು ಪುಟದ ಒಂದು ಸಣ್ಣ ಚಿತ್ರಕಥೆಯನ್ನು ಮಾಡಿದನು. 1978ರಿಂದ ಅದನ್ನೇ ದೊಡ್ಡ ಗ್ರಂಥವಾಗಿ ಕೈಗೊಂಡನು. ಯೆಹೂದ್ಯರನ್ನು ಇಲಿಗಳಾಗಿಯೂ ಜರ್ಮನರನ್ನು ಬೆಕ್ಕುಗಳಾಗಿಯೂ ಬರೆದ ಆ ಗ್ರಂಥಕ್ಕೆ ಜರ್ಮನ್ ಭಾಷೆಯಲ್ಲಿ ಇಲಿ ಎಂದು ಅರ್ಥವಾಗುವ ‘ಮೌಸ್’ ಎಂದು ಹೆಸರಿಟ್ಟನು. ಪಂಚತಂತ್ರವನ್ನು ಓದಿ ಬೆಳೆದ ನಮಗೆ ಪ್ರಾಣಿಗಳ ಮುಖದಲ್ಲಿ ಮನುಷ್ಯರ ನಡತೆಯನ್ನು ಕಾಣುವುದು ಹೊಸದಲ್ಲ. ಪೋಲೆಂಡಿನವರನ್ನು ಹಂದಿಗಳಾಗಿ ಬರೆದುದು ಆ ದೇಶದಲ್ಲಿ ಅನೇಕರ ಮನಸ್ಸನ್ನು ನೋಯಿಸಿತು; ಆ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಈ ಗ್ರಂಥದಲ್ಲಿ ಎರಡು ಕಥೆಗಳು ಒಂದರೊಳಗೊಂದು ನಡೆಯುತ್ತವೆ. ಒಂದು ಯುದ್ಧಕಾಲದ ಯುವಕನದು. ಇನ್ನೊಂದು ಅದನ್ನು ಹೇಳುತ್ತಿರುವ ಎಪ್ಪತ್ತು ದಾಟಿದ ಮುದುಕನದು. ಎರಡು ಸಲ ಹೃದಯಾಘಾತವಾಗಿ, ಮಧುಮೇಹವಿದ್ದು, ಒಂದು ಕಣ್ಣನ್ನು ಕಳೆದುಕೊಂಡು ಅದರ ಸ್ಥಳದಲ್ಲಿ ಗಾಜಿನ ಕಣ್ಣನ್ನಿಟ್ಟುಕೊಂಡ ಮುದುಕನು ಅವನು. ಹೃದಯಕ್ಕೆ ಹಿತವೆಂದು ನಿಂತಲ್ಲೇ ತುಳಿಯುವ ಸೈಕಲ್ಲನ್ನು ತುಳಿಯುತ್ತ ಕಥೆ ಹೇಳುತ್ತಾನೆ. ದಿನದ ಮಾತ್ರೆಗಳನ್ನು ಎಣಿಸಿ ಎಣಿಸಿ ಇಡುತ್ತಾನೆ. ನಡುವೆ ಮಗನು ಪ್ರಶ್ನೆ ಕೇಳಿದ್ದರಿಂದ ಮಾತ್ರೆಗಳು ಚೆಲ್ಲಿಹೋದುವೆಂದು ಗದರುತ್ತಾನೆ. ಬೀದಿಯಲ್ಲಿ ಬಿದ್ದ ತಂತಿಯ ತುಂಡನ್ನು ಕಟ್ಟಲು ಬರುತ್ತದೆಂದು ಆರಿಸಿಕೊಳ್ಳುತ್ತಾನೆ. ಬೇಸಗೆಗೆ ಬಾಡಿಗೆ ಹಿಡಿದ ಮನೆಯಲ್ಲಿ ಗ್ಯಾಸಿನ ಹಣವು ಬಾಡಿಗೆಯಲ್ಲಿಯೇ ಸೇರಿದೆಯಾದ್ದರಿಂದ, ಬೆಂಕಿಕಡ್ಡಿ ಉಳಿಯಲೆಂದು ಒಲೆಯನ್ನು ದಿನವಿಡೀ ಉರಿಯಗೊಡುತ್ತಾನೆ. ಅರ್ಧ ಉಂಡ ತಿಂಡಿಯ ಪೊಟ್ಟಣವನ್ನು ಅಂಗಡಿಗೆ ಹಿಂದಕ್ಕೆ ಒಯ್ದು, ತನ್ನ ಕಾಯಿಲೆಯನ್ನೂ ಹೆಂಡತಿ ಬಿಟ್ಟುಹೋದುದನ್ನೂ ಶಿಬಿರದ ಕಷ್ಟವನ್ನೂ ಹೇಳಿಕೊಂಡು, ಆರು ಡಾಲರಿನ ಸಾಮಾನನ್ನು ಒಂದು ಡಾಲರಿಗೆ ತರುತ್ತಾನೆ. ಮಗನೂ ಸೊಸೆಯೂ ನಾಚಿಕೆಯಿಂದ ಕಾರಿನಲ್ಲಿಯೇ ಕುಳಿತಿರುತ್ತಾರೆ. ಮಗನ ಕೋಟು ಹಳತಾಯಿತೆಂದು ಅವನನ್ನು ಕೇಳದೆಯೇ ಕಸಕ್ಕೆ ಎಸೆದು ತನ್ನ ಹಳೆಯ ಕೋಟನ್ನು ತೊಡಿಸುತ್ತಾನೆ. ಮಗನು ಬರುವುದು ಕಥೆಗಾಗಿ. ತಂದೆಗೆ ಬೇಕಾದದ್ದು ಮನೆಯ ಸೂರಿನ ರಿಪೇರಿಗೆ ಒಂದು ಜತೆ ಕೈ. ಸೂರಿನ ಕೆಲಸಕ್ಕೆ ಮಗನು ಹೋಗಲಿಲ್ಲ. ಧ್ವನಿಮುದ್ರಣದ ಯಂತ್ರವನ್ನು ಹೊತ್ತುಕೊಂಡು ಮಾತ್ರ ತಪ್ಪದೆ ಹೋದನು. ಅನೇಕ ಮನೆಗಳಲ್ಲಿ ವೃದ್ಧರಿಗೂ ಮಕ್ಕಳಿಗೂ ನಡುವೆ ನಡೆಯುವುದು ಇದೇ ಅಲ್ಲವೆ? ಕೊಡಬೇಕೆನ್ನುವುದನ್ನು ಬೇಡುವವರಿಲ್ಲ, ಬೇಡಿದ್ದನ್ನು ಕೊಡುವವರಿಲ್ಲ.

ಹಿಟ್ಲರನ ಕಾಲದಿಂದ ಒಂದು ತುಣುಕನ್ನೂ ಎಸೆಯಲಾರೆನೆಂದು ವೃದ್ಧನು ತನ್ನ ಜಿಪುಣತನಕ್ಕೆ ಕಾರಣ ಹೇಳುತ್ತಾನೆ. ಕೇಳುವವರಿಗೆ ಇದು ಸಾಕೆಂದು ತೋರಬಹುದು. ಆದರೆ ಅವನ ಎರಡನೆಯ ಹೆಂಡತಿ ಮಾಲಾ ಕೂಡ ಆ ಶಿಬಿರಗಳಿಂದಲೇ ಬದುಕಿ ಬಂದವಳು. ತಮ್ಮ ಸ್ನೇಹಿತರೆಲ್ಲರೂ ಶಿಬಿರ ಕಂಡವರೇ, ಯಾರೂ ಇವನ ಹಾಗಿಲ್ಲ ಎಂದು ಅವಳ ಸಾಕ್ಷ್ಯ. ಅವಳ ಮಾತನ್ನು ಮಗನು ಬಿಡದೆ ಬರೆದುಕೊಂಡಿದ್ದಾನೆ. ಚರಿತ್ರೆಯ ದೃಷ್ಟಿಯಿಂದ ಇದು ಆ ಗ್ರಂಥದ ಬಹು ಬೆಲೆಯುಳ್ಳ ಭಾಗವೆನ್ನಬೇಕು. ವೃದ್ಧರ ಪ್ರತಿಯೊಂದು ಕೊಂಕಿಗೂ ಅವರು ಪಟ್ಟ ಕಷ್ಟವೇ ಕಾರಣವೆನ್ನುವುದು ಕರುಣೆಯ ಮಾತಾಗಿ ಕಂಡರೂ ಅವರನ್ನು ಬರಿಯ ಗಾಯವನ್ನಾಗಿ ಮಾಡಿಬಿಡುತ್ತದೆ. ವ್ಲಾಡೆಕನ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. ಯುದ್ಧಕ್ಕೆ ಬಹು ಮುಂಚೆ, ಆನ್ಯಾಳನ್ನು ನೋಡಲು ಅವಳ ಮನೆಗೆ ಹೋದವನು ಯಾರೂ ಕಾಣದಂತೆ ಅವಳ ಬೀರುವಿನ ಬಾಗಿಲನ್ನು ತೆರೆದು, ಬಟ್ಟೆಗಳನ್ನು ಓರಣವಾಗಿ ಇಟ್ಟಿದ್ದಾಳೋ ಇಲ್ಲವೋ ಎಂದು ಪರೀಕ್ಷಿಸಿದ್ದನು! ಎಣಿಸುವುದು, ಅಣಿಮಾಡುವುದು, ಕೂಡಿಡುವುದು ಅವನ ಹುಟ್ಟಿನೊಡನೆ ಬಂದುದು. ಆ ಗುಣವೇ ಮೂವತ್ತೇಳು ಮೂವತ್ತೆಂಟರ ಪ್ರಾಯದಲ್ಲಿ ಎರಡು ಪ್ರಾಣಗಳನ್ನು ಉಳಿಸಿತು. ಎಪ್ಪತ್ತು ದಾಟಿದ ಮೇಲೆ ಅದೇ ಗುಣವು ಎರಡನೆಯ ಹೆಂಡತಿಯನ್ನು ಮನೆ ಬಿಡಿಸಿತು. ಗುಣವು ಬದಲಾಗಲಿಲ್ಲ, ಕಾಲವು ಬದಲಾಯಿತು. ಶಿಬಿರದಲ್ಲಿ ರೊಟ್ಟಿಯ ಚೂರಿಗೆ ಇದ್ದ ಬೆಲೆ ನ್ಯೂಯಾರ್ಕಿನ ಬೆಂಕಿಕಡ್ಡಿಗೆ ಇಲ್ಲವೆಂಬುದನ್ನು ಆ ಕೈಗಳಿಗೆ ತಿಳಿಸುವವರು ಯಾರು?

ಕಷ್ಟವು ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನದಂತೆ ಶುದ್ಧಿಮಾಡುತ್ತದೆಂಬ ಮಾತು ನಮ್ಮಲ್ಲಿಯೂ ಬಳಕೆಯಲ್ಲಿದೆ. ಅದು ಯಾವಾಗಲೂ ನಿಜವಲ್ಲ. ಒಮ್ಮೆ ಸೊಸೆಯು ದಾರಿಯಲ್ಲಿ ಕಾಯುತ್ತಿದ್ದ ಕರಿಯ ಜನಾಂಗದವನೊಬ್ಬನನ್ನು ಕಾರಿಗೆ ಹತ್ತಿಸಿಕೊಂಡಾಗ, ಆ ಜಾತಿಯವರೆಲ್ಲ ಕಳ್ಳರೆಂದು ವ್ಲಾಡೆಕನು ಉರಿದುಬಿದ್ದನು. ಜನಾಂಗದ್ವೇಷದ ಬೆಂಕಿಯಲ್ಲಿ ಮಗನನ್ನೂ ಬಂಧುಗಳನ್ನೂ ಕಳೆದುಕೊಂಡವನ ಬಾಯಲ್ಲಿ ಈ ಮಾತೇ ಎಂದು ಸೊಸೆ ಬೆರಗಾದಳು. ಅದನ್ನೂ ಮಗನು ಮುಚ್ಚಲಿಲ್ಲ. ಯೆಹೂದ್ಯರನ್ನು ಜಿಪುಣರೆಂದು ಹಳಿಯುವ ಶತ್ರುಗಳ ಚಿತ್ರಕ್ಕೆ ತನ್ನ ತಂದೆಯೇ ಹೊಂದಿಕೆಯಾಗುತ್ತಾನಲ್ಲಾ ಎಂಬ ಕಳವಳವು ಅವನಿಗಿದ್ದಿತು. ಆ ಕಳವಳವನ್ನೂ ಬರೆದನು.

ಸಾಕ್ಷಿಯ ನೆನಪಿಗೂ ಕಾಗದಪತ್ರಕ್ಕೂ ಹೊಂದದಿದ್ದಾಗ ಚರಿತ್ರಕಾರನು ಏನು ಮಾಡಬೇಕೆಂಬುದು ಹಳೆಯ ಪ್ರಶ್ನೆ. ನಮ್ಮ ಮೀಮಾಂಸಕರೂ ನೈಯಾಯಿಕರೂ ಪ್ರಮಾಣಗಳ ಬಲಾಬಲವನ್ನು ಕುರಿತು ಬೇಕಾದಷ್ಟು ಕಾದಾಡಿದ್ದಾರೆ. ಆಷ್‌ವಿಟ್ಸಿನಲ್ಲಿ ಸೆರೆಯಾಳುಗಳು ಕೆಲಸಕ್ಕೆ ಸಾಲಾಗಿ ಹೊರಡುವಾಗ ಬಾಗಿಲ ಬಳಿ ವಾದ್ಯಮೇಳ ನುಡಿಯುತ್ತಿತ್ತೆಂದು ಅನೇಕ ಬರಹಗಳಿಂದ ಸಿದ್ಧವಾಗಿದೆ. ಮಗನು ಅದನ್ನು ಕೇಳಿದನು. ತಂದೆಗೆ ವಾದ್ಯದ ನೆನಪೇ ಇಲ್ಲ. ಕಾವಲುಗಾರರ ಕೂಗು ಮಾತ್ರ ನೆನಪು. ಮಗನು ಮಾಡಿದ ಪರಿಹಾರವು ಸೊಗಸಾಗಿದೆ. ಒಂದು ಚಿತ್ರದಲ್ಲಿ ಮೇಳವನ್ನು ಬರೆದನು. ಮುಂದಿನ ಚಿತ್ರದಲ್ಲಿ ನಡೆಯುವ ಸೆರೆಯಾಳುಗಳ ಸಾಲು ಅದನ್ನು ಮರೆಮಾಡಿ, ವಾದ್ಯಗಳ ತುದಿಗಳಷ್ಟೇ ಕಾಣುವಂತೆ ಬರೆದನು. ಎರಡು ಪ್ರಮಾಣಗಳೂ ಉಳಿದುವು. ಇನ್ನೊಮ್ಮೆ ಶಿಬಿರದಲ್ಲಿ ಯಾವ ಕೆಲಸದಲ್ಲಿ ಎಷ್ಟು ತಿಂಗಳು ಎಂದು ಲೆಕ್ಕ ಹಾಕಿದಾಗ ಮೊತ್ತವು ಸರಿಹೋಗಲಿಲ್ಲ. ಅಲ್ಲಿ ನಾವು ಗಡಿಯಾರವನ್ನು ಕಟ್ಟಿಕೊಂಡಿರಲಿಲ್ಲವೆಂಬ ಅರ್ಥದ ಮಾತಿನಿಂದ ತಂದೆಯು ಆ ಪ್ರಶ್ನೆಯನ್ನು ಮುಗಿಸಿಬಿಟ್ಟನು.

ವಲಸೆಗಾರನ ಭಾಷೆಯ ವಿಚಾರವನ್ನೂ ಗಮನಿಸಬೇಕು. ಮೇಸ್ತ್ರಿಗೆ ಪಾಠ ಹೇಳಿ ಜೀವ ಉಳಿಸಿಕೊಂಡ ಇಂಗ್ಲಿಷು, ಅದೇ ಇಂಗ್ಲಿಷಿನ ನಾಡಿನಲ್ಲಿ ಮುರುಕುಭಾಷೆಯಾಗಿ ಕೇಳಿಸಿತು. ಕರ್ತೃ ಕರ್ಮ ಕ್ರಿಯೆಗಳು ಅವನ ಬಾಯಲ್ಲಿ ಸ್ಥಾನಪಲ್ಲಟವಾಗುತ್ತಿದ್ದುವು. ಮಗನು ಅದನ್ನು ತಿದ್ದಲಿಲ್ಲ. ಯುದ್ಧಕಾಲದ ಕಥೆಯೊಳಗೆ ಯುವಕ ವ್ಲಾಡೆಕನು ತನ್ನವರೊಡನೆ ಆಡುವ ಮಾತು ಮಾತ್ರ ನೇರವಾದ ಒಳ್ಳೆಯ ಭಾಷೆಯಲ್ಲಿದೆ, ಏಕೆಂದರೆ ಅಲ್ಲಿ ಅವನಾಡಿದುದು ಸ್ವಭಾಷೆ. ಮುಪ್ಪಿನಲ್ಲಿ ಪರಭಾಷೆಯಲ್ಲಿ ಬದುಕುವವನು ಮಕ್ಕಳ ಕಣ್ಣಿಗೆ ಇದ್ದುದಕ್ಕಿಂತ ಮಂಕಾಗಿ ಕಾಣುತ್ತಾನೆಂಬ ಸಂಗತಿಯನ್ನು ಈ ಎರಡು ಬಗೆಯ ಮಾತುಗಳು ತಾವಾಗಿಯೇ ತೋರಿಸಿಕೊಡುತ್ತವೆ. ಮಕ್ಕಳೊಡನೆ ದೂರದೇಶಗಳಿಗೆ ಹೋಗಿ ನೆಲೆಸಿದ ನಮ್ಮ ಕನ್ನಡದ ವೃದ್ಧರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಮಗನ ನಡತೆಯಲ್ಲಿ ಒಪ್ಪಲಾರದ ಅಂಶವೊಂದಿದೆ. ಮದುವೆಗೆ ಮುಂಚೆ ತನಗಿದ್ದ ಬೇರೊಬ್ಬ ಹೆಂಗಸಿನ ಸ್ನೇಹವನ್ನು ತಂದೆಯು ಹೇಳಿ, ಇದು ಯುದ್ಧದ ಕಥೆಗೆ ಸೇರಿದುದಲ್ಲ, ಬರೆಯಬೇಡವೆಂದು ಕೇಳಿಕೊಂಡನು. ಮಗನು ಕೈಯೆತ್ತಿ ಮಾತು ಕೊಟ್ಟನು. ಆ ಕಥೆಯೂ ಆ ವಚನವೂ ಎರಡೂ ಅಚ್ಚಾಗಿವೆ. ತಂದೆಯನ್ನು ಶಿಬಿರದ ಸಾಕ್ಷಿಯನ್ನಾಗಿ ಮಾತ್ರವಲ್ಲದೆ ಮನುಷ್ಯನನ್ನಾಗಿಯೂ ತೋರಿಸಲು ಅದು ಬೇಕಾಗಿತ್ತೆಂದು ಸಮರ್ಥಿಸುವವರುಂಟು. ಸತ್ಯವನ್ನು ಹೇಳುವುದಕ್ಕಾಗಿ ಕೊಟ್ಟ ಮಾತನ್ನು ಮುರಿಯಬಹುದೆ ಎಂಬುದಕ್ಕೆ ಹರಿಶ್ಚಂದ್ರನ ನಾಡಿನವರು ಬೇರೆಯಾಗಿ ಉತ್ತರ ಕೊಟ್ಟಾರು. ಹಿರಿಯರ ಮಾತನ್ನು ಬರೆದುಕೊಳ್ಳಹೊರಟವರು ಬರೆಯುವುದಕ್ಕೆ ಮುಂಚೆಯೇ ಇದನ್ನು ತಮ್ಮಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ತಂದೆಯೂ ನಿರಪರಾಧಿಯಲ್ಲ. ಯುದ್ಧವಾದ ಮೇಲೆ ಆನ್ಯಾ ತನ್ನ ಕಥೆಯನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದಳು. ಮಗನು ದೊಡ್ಡವನಾದ ಮೇಲೆ ಓದಲಿ ಎಂಬುದು ಅವಳ ಆಸೆ. ಅವು ಎಲ್ಲಿವೆಯೆಂದು ಮಗನು ಮತ್ತೆ ಮತ್ತೆ ಕೇಳಿದನು. ಹುಡುಕಬೇಕು, ಸಿಕ್ಕಲಿಲ್ಲ ಎಂದು ತಂದೆಯು ಮುಂದೂಡಿದನು. ಕೊನೆಗೊಂದು ದಿನ ನಿಜವು ಹೊರಬಿತ್ತು: ಅವಳು ಸತ್ತ ಬಳಿಕ, ದುಃಖ ತಾಳಲಾರದ ಒಂದು ಕೆಟ್ಟ ದಿನ, ಅವೆಲ್ಲವನ್ನೂ ಅವನು ಸುಟ್ಟುಬಿಟ್ಟಿದ್ದನು. ಏನು ಬರೆದಿದ್ದಳೆಂದರೆ ಅದೂ ನೆನಪಿಲ್ಲ. ಮಗನು ತಂದೆಯನ್ನು ಕೊಲೆಗಾರನೆಂದು ಕರೆದು ಹೊರಟುಹೋಗುವುದರೊಡನೆ ಮೊದಲನೆಯ ಸಂಪುಟವು ಮುಗಿಯುತ್ತದೆ. ಬೆಂಕಿಕಡ್ಡಿಯನ್ನು ಕೂಡ ಉಳಿಸಿದ ಕೈಯೇ ಅವಳ ಬರಹವನ್ನು ಉಳಿಸಲಿಲ್ಲ.

ಕೇಳುವ ಮಗನೇ ಇಲ್ಲದ ವೃದ್ಧರ ಪಾಡೇನು? ಇದಕ್ಕೆ ಇದೇ ಕಾಲದ ಇನ್ನೊಂದು ಉದಾಹರಣೆ ದೊರೆಯುತ್ತದೆ. ಬಾರ್ಬರಾ ಮೆಯರ್‌ಹಾಫ್ ಎಂಬ ಮಾನವಶಾಸ್ತ್ರಜ್ಞೆಯು ಮೊದಲು ಮೆಕ್ಸಿಕೋ ದೇಶದ ಹುಯಿಚೊಲ್ ಜನರ ಯಾತ್ರಾವಿಧಿಗಳನ್ನು ಅಭ್ಯಾಸ ಮಾಡಿದ್ದವಳು. 1970ರ ದಶಕದಲ್ಲಿ ಆಕೆ ಕ್ಯಾಲಿಫೋರ್ನಿಯಾದ ವೆನಿಸ್ ಎಂಬಲ್ಲಿ ಕಡಲ ದಂಡೆಯ ಬಳಿಯಿದ್ದ ಯೆಹೂದ್ಯ ವೃದ್ಧರ ಒಂದು ಮಂದಿರಕ್ಕೆ ಹೋಗತೊಡಗಿದಳು. ಪೂರ್ವ ಯೂರೋಪಿನ ಸಣ್ಣ ಊರುಗಳಲ್ಲಿ ಹುಟ್ಟಿ, ಪ್ರಾಯದಲ್ಲಿ ಅಮೆರಿಕಕ್ಕೆ ವಲಸೆ ಬಂದು, ದರ್ಜಿಗಳಾಗಿ ಕೂಲಿಗಳಾಗಿ ದುಡಿದು, ಮಕ್ಕಳನ್ನ ಓದಿಸಿ ವೈದ್ಯರನ್ನೂ ವಕೀಲರನ್ನೂ ಮಾಡಿದವರು ಅವರು. ಮಕ್ಕಳು ಏಳಿಗೆಯಾದರು, ಆ ಏಳಿಗೆಯಿಂದಲೇ ದೂರವಾದರು. ತಂದೆತಾಯಿಗಳ ಯಿದ್ದಿಷ್ ಭಾಷೆ ಮೊಮ್ಮಕ್ಕಳಿಗೆ ತಿಳಿಯದು. ಹುಟ್ಟಿದ ಊರುಗಳನ್ನು ಯುದ್ಧವು ನಿರ್ನಾಮ ಮಾಡಿತ್ತು. ಮೆಯರ್‌ಹಾಫಳು ಮಂದಿರದಲ್ಲಿ ಜೀವನಚರಿತ್ರೆಯ ತರಗತಿಯೊಂದನ್ನು ನಡೆಯಿಸಿ ಒಬ್ಬೊಬ್ಬರಿಂದಲೂ ಕಥೆ ಹೇಳಿಸಿದಳು. ಅಲ್ಲಿಯ ವೃದ್ಧ ದರ್ಜಿಯೊಬ್ಬನು ತನ್ನ ಸಾವಿಗಾಗಿ ದುಃಖಪಡಲಿಲ್ಲ. ಹಾಡು, ಬಡತನ, ಹಬ್ಬಗಳೊಡನೆ ತನ್ನ ನೆನಪಿನಲ್ಲಿ ಮಾತ್ರ ಉಳಿದಿದ್ದ ಊರು ತನ್ನೊಡನೆ ಎರಡನೆಯ ಸಲ ಸಾಯುತ್ತದಲ್ಲಾ ಎಂದು ದುಃಖಪಟ್ಟನು. ಅವನು ಆಕೆಯ ಕೆಲಸ ಮುಗಿಯುವ ಮುಂಚೆಯೇ ತೀರಿಹೋದನು. ಹಿಂದೆ ಮಂದಿರದ ಅಧ್ಯಕ್ಷನಾಗಿದ್ದ ಇನ್ನೊಬ್ಬನು ತನ್ನ 95ನೆಯ ಹುಟ್ಟುಹಬ್ಬದ ದಿನ, ಎಲ್ಲರ ಎದುರಿಗೆ ಮಾತನಾಡಿ, ತನಗೆ ನೂರು ತುಂಬುವವರೆಗೂ ವರ್ಷವರ್ಷವೂ ಈ ಹಬ್ಬವನ್ನು ನಡೆಯಿಸಲು ಹಣವಿಟ್ಟಿದ್ದೇನೆಂದು ತಿಳಿಸಿ, ಕುಳಿತುಕೊಂಡು ಅಲ್ಲಿಯೇ ಪ್ರಾಣಬಿಟ್ಟನು. ಇಚ್ಛಾಮರಣಿಯ ಕಥೆಯನ್ನು ಬಲ್ಲವರಿಗೆ ಇದನ್ನು ಓದಿದಾಗ ಮೈ ಝುಮ್ಮೆನ್ನದಿರದು.

ಈ ವೃದ್ಧರು ಜಗಳಗಂಟರು. ಒಬ್ಬರ ಮಾತನ್ನು ಒಬ್ಬರು ಕೇಳರು. ಅದಕ್ಕೆ ಮೆಯರ್‌ಹಾಫಳು ಕೊಟ್ಟ ಕಾರಣವು ಮನನೀಯವಾಗಿದೆ. ಅವರಿಗೆ ಎಲ್ಲಕ್ಕಿಂತ ಹೆಚ್ಚಾದ ಭಯವು ಬಡತನವಲ್ಲ, ಸಾವೂ ಅಲ್ಲ. ಯಾರ ಕಣ್ಣಿಗೂ ಬೀಳದೆ ಹೋಗುವುದು. ಜಗಳವಾಡುವವನನ್ನು ಎದುರಾಳಿಯಾದರೂ ನೋಡಲೇಬೇಕಷ್ಟೆ. ಕೆಲವು ವರ್ಷಗಳ ಬಳಿಕ ಆ ದಂಡೆಯ ದಾರಿಯಲ್ಲಿ ಸೈಕಲ್ ಸವಾರನೊಬ್ಬನು ಒಬ್ಬ ವೃದ್ಧೆಗೆ ಡಿಕ್ಕಿ ಹೊಡೆದು ಆಕೆ ಸತ್ತಳು. ತಾನು ಆಕೆಯನ್ನು ನೋಡಲೇ ಇಲ್ಲವೆಂದು ಅವನು ಹೇಳಿಕೆ ಕೊಟ್ಟನು. ವೃದ್ಧರೆಲ್ಲ ಖಾಲಿ ಶವಪೆಟ್ಟಿಗೆಯೊಂದನ್ನು ಹೊತ್ತು ಬೀದಿಯಲ್ಲಿ ಮೆರವಣಿಗೆ ಹೊರಟರು. ಮೆಯರ್‌ಹಾಫಳ ಪುಸ್ತಕವು 1978ರಲ್ಲಿ ಹೊರಬಂದಿತು. ಅದಕ್ಕೂ ಮುಂಚೆ ಅದೇ ವಿಷಯದ ಕಿರುಚಿತ್ರವು 1977ರಲ್ಲಿ ಆಸ್ಕರ್ ಬಹುಮಾನವನ್ನು ಪಡೆದಿತ್ತು. ಮುಂದೊಂದು ದಿನ ತಾನೂ ಇವರಂತೆ ಮುದುಕಿಯಾಗುವೆನಾದ್ದರಿಂದ ಈ ಅಭ್ಯಾಸವೆಂದು ಆಕೆ ಭಾವಿಸಿದ್ದಳು. ಆ ಭಾಗ್ಯವು ಅವಳಿಗಿರಲಿಲ್ಲ. ಶ್ವಾಸಕೋಶದ ಅರ್ಬುದದಿಂದ 1985ರಲ್ಲಿ, 49ನೆಯ ವಯಸ್ಸಿಗೆ, ತೀರಿಕೊಂಡಳು.

ನಮ್ಮ ನಾಡಿನಲ್ಲಿಯೂ ಪಿರಿಯಾಪಟ್ಟಣದ ಬಳಿಯ ಬೈಲುಕುಪ್ಪೆಯಲ್ಲಿ, ಅಂದಿನ ಮೈಸೂರು ರಾಜ್ಯವು 1960ರಲ್ಲಿ ಕೊಟ್ಟ ನೆಲದಲ್ಲಿ, ಹಿಮಾಲಯವನ್ನು ದಾಟಿಬಂದ ಟಿಬೆಟ್ಟಿನವರು ಕಾಡು ಕಡಿದು ಜೋಳ ಬಿತ್ತಿ ನೆಲೆಸಿದರು. ಹಾಗೆ ಬಂದವರು ಈ ಮಣ್ಣಿನಲ್ಲಿಯೇ ಮುಪ್ಪಾದರು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಹುಟ್ಟಿದವರು, ಆ ದೇಶವನ್ನು ಕಣ್ಣಾರೆ ಕಾಣದವರು. ಅವರಿಗೂ ಹುಟ್ಟೂರೆಂಬುದು ಅಜ್ಜಿಯ ಬಾಯಿಂದ ಬರಬೇಕಾದ ವಸ್ತುವೇ.

ವ್ಲಾಡೆಕನು 1982ರಲ್ಲಿ ಹೃದಯರೋಗದಿಂದ ತೀರಿಹೋದನು. ತನ್ನ ಕಥೆಯು ಪುಸ್ತಕವಾದುದನ್ನು ಅವನು ಕಾಣಲಿಲ್ಲ. ಮೊದಲನೆಯ ಸಂಪುಟವು 1986ರಲ್ಲಿಯೂ ಎರಡನೆಯದು 1991ರಲ್ಲಿಯೂ ಬಂದುವು. ಪತ್ರಿಕೆಯವರು ಅದನ್ನು ಮೊದಲು ಕಲ್ಪಿತಕಥೆಗಳ ಪಟ್ಟಿಯಲ್ಲಿ ಸೇರಿಸಿದಾಗ ಮಗನು ಆಕ್ಷೇಪಿಸಿ ಬರೆದು, ನಡೆದ ಸಂಗತಿಗಳ ಪಟ್ಟಿಗೆ ಬದಲಾಯಿಸಿಕೊಂಡನು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಹುಮಾನವು ಬಂದಿತು. ಚಿತ್ರಕಥೆಯೊಂದಕ್ಕೆ ಅಂಥ ಮನ್ನಣೆ ಅದೇ ಮೊದಲು. ಗ್ರಂಥದ ಕಡೆಯ ಪುಟದಲ್ಲಿ ಹಾಸಿಗೆಯಲ್ಲಿ ಮಲಗಿದ ವೃದ್ಧನು ಆನ್ಯಾಳನ್ನು ಮರಳಿ ಕಂಡ ದಿನವನ್ನು ಹೇಳಿ ಮುಗಿಸಿ, ಇನ್ನು ಆಯಾಸವಾಯಿತು, ಯಂತ್ರವನ್ನು ನಿಲ್ಲಿಸು ಎನ್ನುತ್ತಾನೆ. ಹಾಗೆನ್ನುವಾಗ ಎದುರಿಗಿದ್ದ ಮಗನನ್ನು ಆರ್ಟ್ ಎಂದು ಕರೆಯದೆ ರಿಶ್ಯೂ ಎಂದು ಕರೆಯುತ್ತಾನೆ. ಆ ಅಣ್ಣನ ಭಾವಚಿತ್ರವು ತಂದೆತಾಯಿಗಳ ಮಲಗುವ ಕೋಣೆಯಲ್ಲಿ ಯಾವಾಗಲೂ ತೂಗುತ್ತಿತ್ತು. ತಪ್ಪು ಮಾಡದ, ಎದುರಾಡದ ಆ ಪಟದೊಡನೆ ಪೈಪೋಟಿ ಮಾಡುತ್ತಲೇ ತಮ್ಮನು ಬೆಳೆದಿದ್ದನು. ಕೆಳಗೆ ಗಂಡಹೆಂಡಿರ ಸಮಾಧಿಯ ಕಲ್ಲನ್ನು ಬರೆದಿದೆ. ಅದರ ಕೆಳಗೆ, 1978ರಿಂದ 1991 ಎಂದು, ಮಗನು ಆ ಕೆಲಸಕ್ಕೆ ತೆತ್ತ ಹದಿಮೂರು ವರ್ಷಗಳು.

2011ರಲ್ಲಿ ಮಗನು ಆ ಗ್ರಂಥವು ಹುಟ್ಟಿದ ಬಗೆಯನ್ನು ವಿವರಿಸುವ ಇನ್ನೊಂದು ಪುಸ್ತಕವನ್ನು ಹೊರತಂದು, ಅದರೊಡನೆ ತಂದೆಯ ಧ್ವನಿಮುದ್ರಣಗಳನ್ನೂ ಕೊಟ್ಟನು. ಅಕ್ಷರದಲ್ಲಿ ಮಾತ್ರ ಪರಿಚಿತನಾಗಿದ್ದ ವೃದ್ಧನ ಕಂಠವನ್ನು ಓದುಗರು ಹೀಗೆ ಕೇಳುವಂತಾಯಿತು. ತಾಯಿಯ ಕಂಠವೂ ಇಲ್ಲ, ಬರಹವೂ ಇಲ್ಲ. ಶಿಬಿರದಲ್ಲಿಯೂ ಅನಂತರವೂ ಆಕೆಯನ್ನು ಬಲ್ಲ ಕೆಲವು ಹೆಂಗಸರನ್ನು ಹುಡುಕಿ, ಅವರು ನೆನಪಿಟ್ಟುಕೊಂಡಿದ್ದಷ್ಟನ್ನು ಕೇಳಿ, ಆ ಪುಸ್ತಕದಲ್ಲಿ ಸೇರಿಸಿದ್ದಾನೆ.